ಕೂದಲಿನ ಹೆಸರು, ಊರಿನ ಹೆಸರು: ದಖ್ಖನಿನ ಬೇಟೆನಾಯಿಯ ಮೈಗೂದಲಿನ ಚರಿತ್ರೆ

ದಖ್ಖನಿನ ನೀಳಕಾಲಿನ ಬೇಟೆನಾಯಿಗೆ ಮೂರು ಹೆಸರುಗಳಿವೆ. ಕರ್ನಾಟಕದೊಳಗೆ ಅದು ಮುಧೋಳ ನಾಯಿ. ಗಡಿಯಾಚೆ ಜತ್ತ, ಸಾಂಗಲಿ, ಸೊಲ್ಲಾಪುರಗಳ ಕಡೆ ಅದೇ ನಾಯಿ ಕಾರವಾನ ಅಥವಾ ಕಾರವಾನಿ. ಕಿವಿ, ಬಾಲ, ಕಾಲುಗಳ ಹಿಂಬದಿಗಳಲ್ಲಿ ಗರಿಯಂತೆ ಇಳಿಬಿದ್ದ ಕೂದಲುಳ್ಳದ್ದು ಪಶ್ಮಿ. ಮೊದಲನೆಯದು ಊರಿನಿಂದ ಬಂದ ಹೆಸರು, ಎರಡನೆಯದು ಪಯಣದಿಂದ ಬಂದದ್ದು, ಮೂರನೆಯದು ಮೈಗೂದಲಿನಿಂದ. ಮೊದಲೆರಡು ಹೆಸರುಗಳು ದಾಖಲೆಗಳನ್ನೂ ಪ್ರದರ್ಶನಗಳನ್ನೂ ಸೇರಿದವು. ಮೂರನೆಯದು ಸಾಕುವವರ ಬಾಯಲ್ಲಿಯೇ ಹೆಚ್ಚಾಗಿ ಉಳಿಯಿತು. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳ ನಾಯಿಯದೂ ಒಂದು. ಅಲ್ಲಿ ಕಾಣುವುದು ನುಣುಪಾದ ಮೈಯ ರೂಪ. ಕೂದಲಿನಿಂದ ಹೆಸರು ಪಡೆದ ನಾಯಿ ಅಂಚಿಗೆ ಸರಿದುದು ಹೇಗೆ, ಆ ಕೂದಲನ್ನು ಕಾಪಾಡುವ ಕೈಗೆಲಸ ಯಾವ ಭಾಷೆಗಳಲ್ಲಿ ಬಾಳಿತು ಎಂಬ ಪ್ರಶ್ನೆಗಳು ಶ್ವಾನಪ್ರಿಯರಿಗಿಂತಲೂ ಗಡಿನಾಡಿನ ಅಧ್ಯಯನಕಾರರಿಗೆ ಹೆಚ್ಚು ಸಲ್ಲುತ್ತವೆ.

ಪಶ್ಮ್ ಎಂಬುದು ಪಾರಸಿಯಲ್ಲಿ ಉಣ್ಣೆ. ಪಶ್ಮೀನಾ ಶಾಲಿನ ಹೆಸರಿನಲ್ಲಿರುವುದೂ ಇದೇ ಪದ. ಕಾರ್ವಾನ್ ಎಂದರೆ ಸಾರ್ಥ, ವ್ಯಾಪಾರಿಗಳ ತಂಡ. ಎರಡೂ ಪದಗಳು ಬಹಮನಿ ಮತ್ತು ಆದಿಲಶಾಹಿ ಕಾಲಗಳಲ್ಲಿ ಪಾರಸಿ, ದಖನಿ, ಮರಾಠಿ, ಕನ್ನಡಗಳು ಒಂದೇ ಪೇಟೆಯಲ್ಲಿ ಓಡಾಡಿದ ನೆಲದ ಪದಗಳು. ಕನ್ನಡದಲ್ಲಿ ಪಶ್ಮ್‌ಗೆ ಸಮನಾದ ‘ಉಣ್ಣೆ’ಗೆ ಒಂದು ತಮಾಷೆಯ ಜೋಡಿಯಿದೆ. ಸಂಸ್ಕೃತದ ಊರ್ಣಾದಿಂದ ಬಂದ ಉಣ್ಣೆ ಕುರಿಯ ತುಪ್ಪಳ. ತಮಿಳಿನ ಉಣ್ಣಿಗೆ ನಂಟಾದ ದ್ರಾವಿಡ ಮೂಲದ ಉಣ್ಣೆ ಪ್ರಾಣಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಕೀಟ. ನಾಯಿಯ ಮೈಯಲ್ಲಿ ಬೆರಳಾಡಿಸುವವನಿಗೆ ಎರಡೂ ಒಟ್ಟೊಟ್ಟಿಗೇ ಸಿಗುತ್ತವೆ. ಪದಕೋಶಕಾರನಿಗೆ ಇವು ಬೇರೆ ಬೇರೆ ನಮೂದುಗಳು, ಅಷ್ಟೆ.

ಕನ್ನಡ ನಾಡಿನಲ್ಲಿ ಬೇಟೆನಾಯಿಯ ಚರಿತ್ರೆ ಈ ಪಾರಸಿ ಪದಗಳಿಗಿಂತ ಬಹಳ ಹಿಂದಿನದು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಅದರ ಅತ್ಯಂತ ಪ್ರಸಿದ್ಧ ಸಾಕ್ಷಿ. ತಕ್ಕೋಲದ ಕಾಳಗದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚಿದ ಒಡೆಯ ಬೂತುಗನನ್ನು ಮಣಲೆರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಜೊತೆಯಾಗಿ ಸತ್ತುದರಿಂದ ಆತಕೂರಿನ ದೇಗುಲದ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿ ಬಿಡಲಾಯಿತು. ಕಾಲ ಕ್ರಿ.ಶ. 949–50, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆಯೂ ಶಾಸನದಲ್ಲಿದೆ. ಗೊರವ ಎಂಬ ಪದವನ್ನು ಇಲ್ಲಿ ನೆನಪಿನಲ್ಲಿಡುವುದು ಒಳ್ಳೆಯದು. ಶಾಸನಕ್ಕೆ ಬೇಕಾದುದು ನಾಯಿಯ ಹೆಸರು ಮತ್ತು ಪರಾಕ್ರಮ. ಅದರ ಬಣ್ಣವನ್ನಾಗಲಿ ಕೂದಲನ್ನಾಗಲಿ ಅದು ಹೇಳುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಗಷ್ಟೇ ಅಲ್ಲ, ಸಾರಮೇಯ ವಿನೋದಕ್ಕೂ, ಎಂದರೆ ನಾಯಿಗಳ ವಿನೋದಕ್ಕೂ, ಪ್ರತ್ಯೇಕ ಸ್ಥಾನವಿದೆ. ಇಂದಿನ ಸೊಲ್ಲಾಪುರ, ಅಕ್ಕಲಕೋಟೆಗಳು ಆ ಅರಸನ ಆಳ್ವಿಕೆಯ ನಡುನಾಡು. ಆಗ ಅವು ಯಾವ ಗಡಿಯ ಆಚೆಯೂ ಇರಲಿಲ್ಲ.

ಮುಧೋಳದ ವಿಷಯದಲ್ಲಿ ಒಂದು ಕಾಕತಾಳೀಯವನ್ನು ಬಿಟ್ಟುಬಿಡಲಾಗದು. ಕಾಳಿಯ ಕಲ್ಲು ನಿಂತ ಹೊತ್ತಿಗೇ, 949ರಲ್ಲಿ, ಮುದುವೊಳಲಿನ ಬಳೆಗಾರರ ಮನೆಯಲ್ಲಿ ಕವಿ ರನ್ನ ಹುಟ್ಟಿದನೆಂದು ಸಾಹಿತ್ಯ ಚರಿತ್ರೆಕಾರರು ಲೆಕ್ಕ ಹಾಕಿದ್ದಾರೆ. ಸಾವಿರ ವರ್ಷಗಳ ಬಳಿಕ ಆ ಊರಿನ ಹೆಸರು ಜಗತ್ತಿಗೆ ಪರಿಚಯವಾದದ್ದು ಕವಿಯಿಂದಲ್ಲ, ನಾಯಿಯಿಂದ. ಕನ್ನಡಿಗರು ಇದಕ್ಕೆ ಬೇಸರಪಡಬೇಕಾದ ಕಾರಣವೇನೂ ಇಲ್ಲ.

ಉದ್ದಗೂದಲಿನ ನಾಯಿ ದಖ್ಖನಿನಲ್ಲಿ ಹರಡಿದುದಕ್ಕೂ ಸಾಗಣೆಯ ದಾರಿಗಳಿಗೂ ಇರುವ ನಂಟನ್ನು ಹೆಸರೇ ಸೂಚಿಸುತ್ತದೆ. ಬಂಜಾರರು ಅಥವಾ ಲಂಬಾಣಿಗರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಸೈನ್ಯಗಳ ಬೆನ್ನ ಹಿಂದೆ ನಡೆದವರು. 1791–92ರಲ್ಲಿ ಟಿಪ್ಪುವಿನ ಮೇಲೆ ಏರಿಬಂದ ಕಾರ್ನ್‌ವಾಲಿಸನ ಸೈನ್ಯಕ್ಕೂ ಅನ್ನ ತಲುಪಿದ್ದು ಅವರ ಎತ್ತುಗಳ ಬೆನ್ನ ಮೇಲೆಯೇ. ರಾತ್ರಿ ಬಯಲಿನಲ್ಲಿ ಇಳಿಯುವ ತಂಡಕ್ಕೆ ನಾಯಿ ಕಾವಲೂ ಹೌದು, ಬೇಟೆಯ ಸಾಧನವೂ ಹೌದು. ಇಪ್ಪತ್ತನೆಯ ಶತಮಾನದ ಆರಂಭದ ಇಂಗ್ಲಿಷ್ ಶ್ವಾನಗ್ರಂಥಗಳು ‘ಬಂಜಾರಾ’ ಎಂಬ ನಾಯಿಯನ್ನು ವಿವರಿಸುತ್ತವೆ: ಎತ್ತರದ ಮೈಕಟ್ಟು, ಒರಟಾದರೂ ರೇಷ್ಮೆಯ ಸ್ಪರ್ಶವುಳ್ಳ ಕೂದಲು, ಕಿವಿ ಕಾಲು ಬಾಲಗಳಲ್ಲಿ ಗರಿ. ಈ ವರ್ಣನೆಯನ್ನು ಪಶ್ಮಿಯ ಪಕ್ಕದಲ್ಲಿಟ್ಟರೆ ಎರಡರ ನಡುವೆ ಹೆಚ್ಚು ಅಂತರ ಉಳಿಯುವುದಿಲ್ಲ. ಒಂದು ಹೆಸರು ಸಾಕಿದ ಸಮುದಾಯದ್ದು, ಇನ್ನೊಂದು ಮೈಗೂದಲಿನದು.

ಕೂದಲಿನ ಪ್ರಾಮುಖ್ಯ ಅರಿವಿಗೆ ಬರಬೇಕಾದರೆ ಬೇಟೆಯ ನೆಲವನ್ನು ನೋಡಬೇಕು. ಭೀಮೆಯಿಂದ ಕೃಷ್ಣೆಯವರೆಗಿನ ಈ ಸೀಮೆ ಮಳೆ ಕಡಿಮೆಯ ಎರೆ, ಮಸಾರಿ, ಕಲ್ಲುಬಯಲುಗಳ ನಾಡು. ಜೋಳದ ಹೊಲದ ಬದುಗಳಲ್ಲಿ ಜಾಲಿ, ಬೀಳುಭೂಮಿಯಲ್ಲಿ ಸೂಜಿಯಂಥ ಊಬಿನ ಹುಲ್ಲು, ನೆಗ್ಗಿಲು, ಉತ್ತರಾಣಿ. ಇಲ್ಲಿನ ನಾಯಿ ವಾಸನೆ ಹಿಡಿದು ಸಾಗುವುದಲ್ಲ, ಕಣ್ಣಿಗೆ ಕಂಡ ಮೊಲವನ್ನೋ ಚಿಗರಿಯನ್ನೋ ಬಯಲಿನಲ್ಲಿ ಓಡಿ ಹಿಡಿಯುವುದು. ಇಂಥ ನಾಯಿಯ ಚರ್ಮ ತೆಳು, ಅದರಡಿಯ ಕೊಬ್ಬು ಅತ್ಯಲ್ಪ. ನುಣುಗೂದಲಿನದಾದರೆ ಮುಳ್ಳು ನೇರವಾಗಿ ಚರ್ಮವನ್ನು ಸೀಳುತ್ತದೆ. ಆದರೆ ಓಟ ಮುಗಿದ ಮೇಲೆ ಒರಟು ಬಟ್ಟೆಯಿಂದಲೋ ಕಂಬಳಿಯ ತುಂಡಿನಿಂದಲೋ ತಲೆಯಿಂದ ಬಾಲದವರೆಗೆ ತಿಕ್ಕಿ ಒರೆಸಿದರೆ ಧೂಳು, ಉದುರುಗೂದಲು ಎರಡೂ ಹೋಗುತ್ತವೆ, ಗಾಯ ಕೈಗೆ ಸಿಗುತ್ತದೆ. ಪಶ್ಮಿಯ ಕೆಲಸ ಇಷ್ಟು ಸುಲಭವಲ್ಲ. ಉತ್ತರಾಣಿಯ ಬೀಜ ಗರಿಗೂದಲಿಗೆ ತಲೆಕೆಳಗಾಗಿ ಅಂಟುತ್ತದೆ; ಎಳೆದರೆ ಕೂದಲೂ ಬರುತ್ತದೆ, ಬಿಟ್ಟರೆ ಗಂಟು ಬಿಗಿಯುತ್ತದೆ. ಗಂಟನ್ನು ಬೆರಳುಗಳ ನಡುವೆ ಪುಡಿಮಾಡಿ, ಒಂದು ಹನಿ ಎಣ್ಣೆ ಬಿಟ್ಟು, ಕೂದಲಿನ ತುದಿಯಿಂದ ಬುಡದ ಕಡೆಗೆ ಸ್ವಲ್ಪಸ್ವಲ್ಪವಾಗಿ ಬಿಡಿಸಬೇಕು. ಬುಡದಿಂದ ಹಣಿಗೆ ಎಳೆದರೆ ಸಿಕ್ಕು ಬಲಿಯುವುದಲ್ಲದೆ ನಾಯಿ ಮತ್ತೊಮ್ಮೆ ಮೈಕೊಡುವುದಿಲ್ಲ.

ಎಲ್ಲಕ್ಕಿಂತ ಅಪಾಯದ್ದು ಊಬು. ಹುಲ್ಲಿನ ಊಬು ತೇವ ತಗುಲಿದಾಗ ತಿರುಚಿಕೊಂಡು ಮುಂದಕ್ಕೆ ಕೊರೆಯುತ್ತದೆ. ಬೀಜವು ತಾನಾಗಿ ಮಣ್ಣಿನೊಳಗೆ ಇಳಿಯುವುದಕ್ಕೆ ಪ್ರಕೃತಿ ಕಲ್ಪಿಸಿದ ಉಪಾಯವದು. ಬೆರಳುಸಂದಿಯಲ್ಲೋ ಕಿವಿಯೊಳಗೋ ಸಿಕ್ಕ ಊಬಿಗೆ ಮಣ್ಣಿಗೂ ಮಾಂಸಕ್ಕೂ ವ್ಯತ್ಯಾಸ ತಿಳಿಯದು. ಬೇಟೆಯಿಂದ ಮರಳಿದ ನಾಯಿಯ ಪಾದಗಳನ್ನು ಒಂದೊಂದಾಗಿ ಎತ್ತಿ ಬೆರಳು ಅಗಲಿಸಿ ನೋಡುವ ಕ್ರಮವನ್ನು ಶೃಂಗಾರವೆಂದು ಕರೆಯುವುದು ತಪ್ಪಾದೀತು. ಅದು ಚಿಕಿತ್ಸೆಗೆ ಮುಂಚಿನ ಚಿಕಿತ್ಸೆ.

ಇದೇ ಸಮಸ್ಯೆಗೆ ಯುರೋಪಿನ ಬೇಟೆಗಾರರು ಕಂಡುಕೊಂಡ ಪರಿಹಾರ ಬೇರೊಂದು ಬಗೆಯ ಕೂದಲು. ಅದನ್ನು ಇಲ್ಲಿ ಹೋಲಿಕೆಗೆ ತರುವುದಕ್ಕೆ ಕಾರಣ, ಅಲ್ಲಿಯ ನಾಯಿಯೂ ಕೂದಲಿನಿಂದಲೇ ಹೆಸರು ಪಡೆಯಿತು ಎಂಬುದು. ಡ್ರಾಟ್‌ಹಾರ್ ಎಂದರೆ ಜರ್ಮನ್ ಭಾಷೆಯಲ್ಲಿ ತಂತಿಗೂದಲು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಡಚ್ಚರವನಾದ ಕೊರ್ಥಾಲ್ಸ್ ಜರ್ಮನಿಯ ಹೆಸ್ಸೆ ಸೀಮೆಯಲ್ಲಿ ನೆಲೆಸಿ ಒರಟುಗೂದಲಿನ ಗ್ರಿಫೋನ್ ತಳಿಯನ್ನು ರೂಪಿಸಿದ; 1887ರಲ್ಲಿ ಅದರ ಲಕ್ಷಣಪಟ್ಟಿ ಸಿದ್ಧವಾಯಿತು. ‘ಹೇಗೆವಾಲ್ಡ್’ ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ ಸೆಡ್‌ಲಿಟ್ಸ್ ಎಂಬ ಶ್ರೀಮಂತನ ಬರಹಗಳು ಕಾಡು, ಬಯಲು, ನೀರು ಮೂರಕ್ಕೂ ಒದಗುವ ಒಂದೇ ನಾಯಿಯ ಕಲ್ಪನೆಯನ್ನು ಹರಡಿದವು. 1902ರಲ್ಲಿ ಜರ್ಮನ್ ತಂತಿಗೂದಲಿನ ನಾಯಿಯ ಸಂಘ ಹುಟ್ಟಿತು. ಮೈಗೆ ಒತ್ತಿಕೊಂಡ ಎರಡರಿಂದ ನಾಲ್ಕು ಸೆಂಟಿಮೀಟರಿನ ಗಡುಸು ಹೊರಗೂದಲು, ಅದರಡಿ ನೀರು ತಾಗಗೊಡದ ದಟ್ಟ ಒಳಗೂದಲು, ಕಣ್ಣನ್ನು ಮುಳ್ಳಿನಿಂದ ಕಾಯುವ ಹುಬ್ಬು, ಗಡ್ಡ: ಇವೆಲ್ಲ ಅಲಂಕಾರವಾಗಿ ಅಲ್ಲ, ಕೆಲಸದ ಉಪಕರಣವಾಗಿ ಆಯ್ಕೆಯಾದವು.

ತಂತಿಗೂದಲಿನ ಉಪಚಾರದಲ್ಲಿ ಕತ್ತರಿಗೆ ಸ್ಥಾನವಿಲ್ಲ. ಬೆಳವಣಿಗೆ ಮುಗಿಸಿದ ಹೊರಗೂದಲು ಬುಡದಲ್ಲಿ ಸಡಿಲವಾಗಿದ್ದರೂ ಉದುರದೆ ನಿಂತಿರುತ್ತದೆ. ಒಂದು ಕೈಯಿಂದ ಚರ್ಮವನ್ನು ಬಿಗಿಹಿಡಿದು, ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ನಾಲ್ಕೆಂಟು ಎಳೆಗಳನ್ನು ತುದಿಯಲ್ಲಿ ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಎಳೆದರೆ ಅದು ಕಳಚಿ ಬರುತ್ತದೆ. ಹಣ್ಣಾದ ಕೂದಲಿಗೆ ನೋವಿಲ್ಲ. ಹಸಿ ಕೂದಲನ್ನು ಎಳೆದರೆ ನಾಯಿಯೇ ತಿಳಿಸುತ್ತದೆ. ಹಿಡಿತಕ್ಕೆ ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಳ್ಳುವುದುಂಟು. ಕೀಳುವ ಮುನ್ನ ಸ್ನಾನ ಮಾಡಿಸಿದರೆ ಕೂದಲು ಮೆತ್ತಗಾಗಿ ಜಾರುತ್ತದೆ. ಕತ್ತರಿಸಿದರೆ ಸತ್ತ ಬುಡ ಹಾಗೆಯೇ ಉಳಿದು, ಹೊಸದಾಗಿ ಕಾಣುವ ಮೈ ಮೃದುವಾಗಿ, ಬಣ್ಣಗೆಟ್ಟು, ನೀರನ್ನೂ ಬೀಜವನ್ನೂ ಹಿಡಿದುಕೊಳ್ಳುತ್ತದೆ. ಎಂದರೆ ಯಾವ ಗುಣಕ್ಕಾಗಿ ಆ ನಾಯಿಯನ್ನು ಬೆಳೆಸಿದರೋ ಅದೇ ನಷ್ಟವಾಗುತ್ತದೆ. ದಖ್ಖನಿನ ಕುರುಬನಿಗೆ ಇದು ವಿಚಿತ್ರವಾಗಿ ತೋರಬಹುದು. ಕೈಕತ್ತರಿಯಿಂದ ವರ್ಷಕ್ಕೆರಡು ಬಾರಿ ಕುರಿಯ ಉಣ್ಣೆ ಕತ್ತರಿಸುವ ಅವನ ಕೈಗೆ ಮುಂದಿರುವುದು ಸದಾ ಬೆಳೆಯುವ ತುಪ್ಪಳ. ನಾಯಿಯ ಕೂದಲಿಗೆ ತನ್ನದೇ ಆದ ಅಳತೆಯೂ ಆಯುಸ್ಸೂ ಉಂಟು.

2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು 80 ತಳಿಗಳ ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಪರೀಕ್ಷಿಸಿ, ನಾಯಿಗಳ ಕೂದಲಿನ ಬಹುಪಾಲು ವೈವಿಧ್ಯಕ್ಕೆ ಮೂರೇ ವಂಶವಾಹಿಗಳು ಸಾಕೆಂದು ತೋರಿಸಿತು. ತಂತಿಗೂದಲಿನ ಗುಣ ಪ್ರಬಲವಾದುದು, ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಕಾಣಿಸುತ್ತದೆ. ಉದ್ದಗೂದಲಿನ ಗುಣ ದುರ್ಬಲವಾದುದು. ನುಣುಗೂದಲಿನ ಎರಡು ನಾಯಿಗಳು ಅದನ್ನು ಗುಪ್ತವಾಗಿ ಹೊತ್ತಿದ್ದರೆ ಅವುಗಳ ಮರಿ ಉದ್ದಗೂದಲಿನದಾಗಬಹುದು. ದಖ್ಖನಿನ ನಾಯಿಗಳಿಗೂ ಈ ನಿಯಮ ಅನ್ವಯಿಸುವುದಾದರೆ ಕಾರವಾನಿಯ ಸೂಲಿನಲ್ಲಿ ಪಶ್ಮಿ ಹುಟ್ಟುವುದು ಕುಲಗೆಟ್ಟುದರ ಗುರುತಲ್ಲ, ಹಳೆಯ ಕುಲ ಮರಳಿ ಮುಖ ತೋರಿಸಿದುದರ ಗುರುತು.

ಜರ್ಮನಿಯ ನಾಯಿಗೂ ದಖ್ಖನಿನ ನಾಯಿಗೂ ನಿಜವಾದ ಅಂತರವಿರುವುದು ಕಾಗದದಲ್ಲಿ. ಡ್ರಾಟ್‌ಹಾರ್‌ನ ವಂಶಾವಳಿ, ಪರೀಕ್ಷೆಯ ನಿಯಮ, ಉಪಚಾರದ ಕೈಪಿಡಿ ಎಲ್ಲವೂ ಅದನ್ನು ಸಾಕುವವರ ಭಾಷೆಯಲ್ಲಿಯೇ ಬರೆಯಲ್ಪಟ್ಟವು. ಹೇಗೆವಾಲ್ಡನ ಓದುಗ ಸ್ವತಃ ಬೇಟೆಗಾರ. ದಖ್ಖನಿನ ನಾಯಿಯ ಲಕ್ಷಣಪಟ್ಟಿಗಳು ಬರೆಯಲ್ಪಟ್ಟದ್ದು ಇಂಗ್ಲಿಷಿನಲ್ಲಿ. ಸಾಕಿದವರ ಮಾತು ಕನ್ನಡ, ಮರಾಠಿ, ಲಂಬಾಣಿ. ಕೈಯಲ್ಲಿದ್ದ ಜ್ಞಾನ ಪುಟಕ್ಕೆ ಬರಲಿಲ್ಲ, ಪುಟದಲ್ಲಿದ್ದ ಜ್ಞಾನ ಕೈಗೆ ಬರಲಿಲ್ಲ.

ಈ ಬಿರುಕಿಗೆ ರಾಜಕೀಯ ಚರಿತ್ರೆಯೂ ಕೂಡಿಕೊಂಡಿತು. ಮುಧೋಳವು ಕನ್ನಡ ಜನರ ಮೇಲೆ ಮರಾಠಾ ಮನೆತನವೊಂದು ಆಳಿದ ಸಂಸ್ಥಾನ. ಆದಿಲಶಾಹಿಯ ಸರದಾರರಾಗಿದ್ದ ಆ ಘೋರ್ಪಡೆಗಳ ಹೆಸರಿನಲ್ಲಿಯೇ ಒಂದು ಪ್ರಾಣಿಯಿದೆ. ಮರಾಠಿಯ ಘೋರ್ಪಡ ಕನ್ನಡದ ಉಡ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಾ ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳನ್ನು ಕಲೆಹಾಕಿ ಬೆಳೆಸಿದರು. ಒಂದು ಜೋಡಿ ಮರಿಗಳನ್ನು ಬ್ರಿಟಿಷ್ ದೊರೆ ಐದನೆಯ ಜಾರ್ಜನಿಗೆ ಕಾಣಿಕೆಯಾಗಿ ಕೊಟ್ಟರೆಂದೂ, ‘ಮುಧೋಳ’ದ ಹೆಸರು ಅಲ್ಲಿಂದ ನಿಂತಿತೆಂದೂ ಪ್ರತೀತಿ. ಜನಪ್ರಿಯ ಬರಹಗಳು ಈ ಕಾಣಿಕೆಗೆ ಕೆಲವೊಮ್ಮೆ 1937ರ ವರ್ಷವನ್ನು ಕೊಡುತ್ತವೆ. ಅದು ಒಪ್ಪತಕ್ಕದ್ದಲ್ಲ, ಐದನೆಯ ಜಾರ್ಜ್ 1936ರ ಜನವರಿಯಲ್ಲಿಯೇ ತೀರಿಕೊಂಡಿದ್ದ. ಆಸ್ಥಾನದ ನೆರಳಿನಲ್ಲಿ ನಾಯಿಗೆ ಊರಿನ ಹೆಸರು ಬಂದುದು ಮಾತ್ರ ದಿಟ. ಊರಿನ ಹೆಸರು ಬಂದೊಡನೆ ಆ ಊರಿನವರಲ್ಲದವರು ಸಾಕಿದ ನಾಯಿ ಹೊರಗುಳಿಯುವ ಸಾಧ್ಯತೆಯೂ ಹುಟ್ಟಿತು.

1948ರಲ್ಲಿ ಮುಧೋಳ, ಜತ್ತ, ಅಕ್ಕಲಕೋಟೆ ಮೂರು ಸಂಸ್ಥಾನಗಳೂ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಧೋಳ ಮೈಸೂರು ರಾಜ್ಯಕ್ಕೆ ಬಂದಿತು, ಇನ್ನೆರಡು ಆಚೆಯೇ ಉಳಿದವು. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ ಮತ್ತು ಜತ್ತದ ಹಳ್ಳಿಗಳನ್ನು ಇತ್ತ ಸೇರಿಸಲು ಹೇಳಿದ್ದೂ, ಅದು ಜಾರಿಗೆ ಬಾರದ್ದೂ ಈ ಪತ್ರಿಕೆಯ ಓದುಗರಿಗೆ ಹೊಸ ವಿಷಯವಲ್ಲ. ನಾಯಿಯ ಸಂಘಗಳು ಕೂಡ ಇದೇ ರೇಖೆಯನ್ನು ಅರಿಯದೆ ಎಳೆದಂತಿದೆ: ಭಾರತೀಯ ಕೆನಲ್ ಕ್ಲಬ್ಬಿನ ಪಟ್ಟಿಯಲ್ಲಿ ಅದು ಕಾರವಾನ್ ಹೌಂಡ್, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬಿನ ಪಟ್ಟಿಯಲ್ಲಿ ಮುಧೋಳ್ ಹೌಂಡ್. ಒಂದೇ ನಾಯಿ ಪ್ರದರ್ಶನದಿಂದ ಪ್ರದರ್ಶನಕ್ಕೆ ಹೆಸರು ಬದಲಿಸುತ್ತದೆ. ಎರಡೂ ಹೆಸರುಗಳೊಡನೆ ಜನರ ಕಣ್ಣಿನಲ್ಲಿ ನೆಲೆಯಾದುದು ಮಾತ್ರ ನುಣುಗೂದಲಿನ ಚಿತ್ರವೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಮೊಲ, ಚಿಗರಿಗಳ ಹಿಂದೆ ನಾಯಿ ಬಿಡುವುದು ಅಪರಾಧವಾಯಿತು. ಅದು ನ್ಯಾಯವೂ ಆಗಿತ್ತು. ಸೊಲ್ಲಾಪುರದ ನಾನ್ನಜ್ ಬಯಲಿನಲ್ಲಿ ಎರೆಭೂತ ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯ ಮಾಡಬೇಕಾಗಿ ಬಂದುದನ್ನು ನೋಡಿದರೆ ಹುಲ್ಲುಬಯಲುಗಳ ಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂಬುದು ತಿಳಿಯುತ್ತದೆ. ಬೇಟೆ ನಿಂತ ಮೇಲೆ ಸಂಜೆಯ ಕೈಗೆಲಸಕ್ಕೂ ಕಾರಣ ಕಡಿಮೆಯಾಯಿತು. ಉತ್ತರಾಣಿ ಅಂಟದ ನಾಯಿಗೆ ಗರಿಗೂದಲು ಬಿಡಿಸುವ ನುರಿತ ಬೆರಳು ಬೇಕಿಲ್ಲ. ಮುಧೋಳದ ಬಳಿ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಯ ಮರಿಗಳು ಮೇರಠದ ಸೇನಾ ಕೇಂದ್ರವನ್ನು ಸೇರಿದವು. 2020ರ ಆಗಸ್ಟಿನಲ್ಲಿ ಪ್ರಧಾನಿಯ ಬಾನುಲಿ ಭಾಷಣದಲ್ಲಿ ಈ ನಾಯಿಯ ಹೆಸರು ಬಂದಿತು. ಕಾವಲು ಮತ್ತು ಸೇನೆಯ ಕೆಲಸಕ್ಕೆ ಕಡಿಮೆ ಉಪಚಾರ ಬೇಡುವ ನುಣುಗೂದಲೇ ಅನುಕೂಲ. ಪಶ್ಮಿಯ ಮೇಲೆ ಯಾರೂ ದ್ವೇಷ ಸಾಧಿಸಲಿಲ್ಲ. ಅದರ ಕೂದಲಿಗೆ ಬೇಕಾದ ಸಮಯ ಯಾರಲ್ಲಿಯೂ ಇಲ್ಲವಾಯಿತು.

ಗಡಿಸೀಮೆಯ ಜನರ ಆಚರಣೆಯಲ್ಲಿ ಮಾತ್ರ ನಾಯಿಯೂ ಉಣ್ಣೆಯೂ ಜೊತೆಯಾಗಿಯೇ ಉಳಿದಿವೆ. ಮದುವೆಯಲ್ಲಿ ಕಟ್ಟುವ ಕಂಕಣದಿಂದ ಕುರುಬರು ಹತ್ತಿಕಂಕಣ, ಉಣ್ಣೆಕಂಕಣವೆಂದು ಎರಡಾಗಿ ಗುರುತಾಗುತ್ತಾರೆ. ಎಳೆಯೊಂದು ಕುಲದ ಹೆಸರಾಗುವುದು ಇಲ್ಲಿ ನಾಯಿಗೆ ಮಾತ್ರ ಮೀಸಲಲ್ಲ. ಅವರ ದೈವ ಮೈಲಾರಲಿಂಗ ಮರಾಠಿಗರ ಖಂಡೋಬಾ. ಕುದುರೆಯೇರಿದ ಆ ದೇವರ ಜೊತೆಯಲ್ಲಿ ನಾಯಿಯಿರುತ್ತದೆ. ಜೇಜುರಿಯ ವಾಘ್ಯಾ, ಮೈಲಾರದ ಗೊರವ ಅಥವಾ ವಗ್ಗಯ್ಯ, ಇಬ್ಬರೂ ದೇವರ ನಾಯಿಗಳೆಂದು ತಮ್ಮನ್ನು ಕರೆದುಕೊಳ್ಳುವವರು. ವಾಘ್ಯಾ ಎಂಬ ಹೆಸರು ಹುಲಿಯನ್ನು ನೆನಪಿಸಿದರೂ ನಡೆ ನಾಯಿಯದೇ: ಬೊಗಳುವುದು, ನೆಲದ ಮೇಲಿಟ್ಟ ದೋಣಿಯಿಂದ ಬಾಯಿಯಿಂದಲೇ ಉಣ್ಣುವುದು. ಆತಕೂರಿನ ಶಾಸನದ ಗೊರವ ದೇಗುಲದ ಶೈವ ಪೂಜಾರಿ. ಮೈಲಾರದ ಗೊರವ ಅವನಲ್ಲ. ಆದರೂ ಕಾಳಿಯ ಕಲ್ಲನ್ನು ಪೂಜಿಸದೆ ಉಣ್ಣಬಾರದ ಗೊರವನಿಗೂ, ತಾನೇ ನಾಯಿಯಾಗಿ ಉಣ್ಣುವ ಗೊರವನಿಗೂ ಒಂದೇ ಪದ ಸಂದಿರುವುದನ್ನು ಕನ್ನಡ ಸಂಸ್ಕೃತಿಯ ವಿದ್ಯಾರ್ಥಿ ಸುಮ್ಮನೆ ದಾಟಿ ಹೋಗಲಾರ. ಮೈಲಾರದ ಗೊರವ ಕರಿಯ ಕಂಬಳಿಯ ನಿಲುವಂಗಿ ತೊಟ್ಟು, ತಲೆಗೆ ಕರಡಿಯ ಕೂದಲಿನ ಕುಲಾವಿ ಧರಿಸುತ್ತಾನೆ. ಬೆಳಗಾವಿ ಜಿಲ್ಲೆಯ ಮಂಗಸೂಳಿಯ ಖಂಡೋಬಾ ಗುಡಿಗೆ ಸಾಂಗಲಿಯ ಕಡೆಯ ಮರಾಠಿಗರೂ ಜತ್ತದ ಕನ್ನಡಿಗರೂ ಬರುತ್ತಾರೆ. ಅಲ್ಲಿ ಭಂಡಾರ ಎರಚುವಾಗ ಯಾರು ಯಾವ ರಾಜ್ಯದವರೆಂದು ಕೇಳುವ ವಾಡಿಕೆಯಿಲ್ಲ.